ಆಷಾಢ ಬರ್ಲಿ, ನೋಡಮ

ಹೆದರುಪುಕ್ಕಲರ ಸಂಘವೊಂದು ಇದ್ದಿದ್ದರೆ ನಮ್ಮ ಡಿಟಿಪಿ ಅಂಗಡಿಯ ಯಜಮಾನರು ಅದರ ಆಜೀವ ಅಧ್ಯಕ್ಷರಾಗಿರುತ್ತಿದ್ದರು. ಆದರೆ ಆ ಸಂಘವನ್ನು ಮೊದಲು ಬೇರೆ ಊರಿನಲ್ಲಿ ಯಾರಾದರೂ ಶುರು ಮಾಡಿ, ವರ್ಷಗಟ್ಟಲೆ ನಡೆಸಿ, ಏನೂ ಅನಾಹುತವಾಗಲಿಲ್ಲವೆಂದು ಹೇಳಿಕಳಿಸಿದ ಮೇಲೆ.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಬೇರೆ ಯಾವ ತಿಂಗಳಲ್ಲೂ ಅವರು ಸಾಯುವ ಸಂಭವವೇ ಇರಲಿಲ್ಲ. ಮದುವೆಗಳಿಲ್ಲದ ಕಾಲ, ಲಗ್ನಪತ್ರಿಕೆಯ ಕೆಲಸವಿಲ್ಲ, ಯಾವ ಗಿರಾಕಿಗೂ ತೊಂದರೆಯಿಲ್ಲ. ಎದೆ ಹಿಡಿದುಕೊಂಡಿತೆಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರೆ ದಾರಿಯಲ್ಲೇ ಮುಗಿಸಿಕೊಂಡರು. ಆಸ್ಪತ್ರೆಗೆ ಈಗತಾನೆ ಹೊಸ ಯಂತ್ರ ಬಂದಿದೆಯೆಂದು ಕಾರಿನಲ್ಲಿ ಯಾರೋ ಧೈರ್ಯ ಹೇಳಿದ್ದರಂತೆ. ಅದನ್ನು ಕೇಳಿಯೇ ಹೀಗಾಯಿತು ಎಂದು ನಾನು ಅಂದಾಗ ಅವರ ಹೆಂಡತಿ ಅಳುತ್ತಳುತ್ತಲೇ ನಕ್ಕುಬಿಟ್ಟರು. ಗಂಡನ ಪರಿಚಯ ಅವರಿಗೂ ಚೆನ್ನಾಗಿಯೇ ಇತ್ತು.

ಶ್ರೀರಂಗಪಟ್ಟಣದ ಬಸ್‌ಸ್ಟಾಂಡಿನ ಹತ್ತಿರದ ಒಂದು ಸಂದಿಯಲ್ಲಿ ಅವರ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಯಾವುದರ ಕಾರ್ಡು ಬೇಕಾದರೂ ಅಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಮೈಸೂರಿನ ಪ್ರೆಸ್ಸಿಗೆ ಕಳಿಸುತ್ತಿದ್ದರು. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಬೆಂಚು. ಬೆಂಚು ನನ್ನದು. ಅರಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಸಂಜೆ ಬಸ್ಸಿಳಿದು ಮನೆಗೆ ಹೋಗುವ ಮುಂಚೆ ಅಲ್ಲಿ ಕೂತು ಕಾರ್ಡುಗಳ ತಪ್ಪು ತಿದ್ದುತ್ತಿದ್ದೆ. ಅದಕ್ಕೆ ಸಂಬಳ ಒಂದು ಟೀ. ಅದರಲ್ಲೂ ಅರ್ಧ ಅವರಿಗೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಜೀವಮಾನವೆಲ್ಲ ಬೇರೆಯವರ ಹೆಸರನ್ನು ದಪ್ಪಕ್ಷರದಲ್ಲಿ ಕೂರಿಸಿದ ಮನುಷ್ಯ ತಮ್ಮ ಹೆಸರನ್ನು ಅಂಗಡಿಯ ಮೇಲೂ ಬರೆಸಿರಲಿಲ್ಲ. ಬೋರ್ಡು ಬರೆಯುವವನು ಹೊಸಬ, ಮೊದಲು ಬೇರೆ ಯಾರದ್ದಾದರೂ ಬರೆಯಲಿ, ಎಂದು ತಡೆದಿದ್ದರು. ಬೋರ್ಡು ಬರೆಯುವವನಿಗೆ ವಯಸ್ಸಾಗಿ, ಅವನ ಕೈ ನಡುಗುವುದಕ್ಕೆ ಶುರುವಾದ ಮೇಲೆ, "ಈಗ ಅವ್ನ್ ಕೈ ಸರಿಯಿಲ್ಲ" ಎಂದರು. ಹಾಗಾಗಿ ಅವರು ಎಲ್ಲರ ಬಾಯಲ್ಲೂ ಯಜಮಾನರೇ.

ಬಿಳಿ ಪಂಚೆ, ಬಿಳಿ ಅಂಗಿ, ಹಣೆಯ ಮೇಲೆ ಕನ್ನಡಕ. ಕನ್ನಡಕವನ್ನು ಕಣ್ಣಿಗೆ ಇಳಿಸಿದ್ದನ್ನು ನಾನು ಕಂಡದ್ದು ಕಡಿಮೆ, ಆದರೆ ಅದು ಹಣೆಯ ಮೇಲಿಲ್ಲದಿದ್ದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಯಾವುದಾದರೂ ಗುಂಡಿ ಒತ್ತಬೇಕಾದರೆ ತೋರುಬೆರಳನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡು ಪರದೆಯನ್ನು ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದರು. ಆ ಬೆರಳು ಇಳಿಯುವಷ್ಟರಲ್ಲಿ ನಾನು ಇನ್ನೊಂದು ಕಾರ್ಡು ತಿದ್ದಿ ಮುಗಿಸಿರುತ್ತಿದ್ದೆ. ಬಾಯಲ್ಲಿ ಒಂದೇ ಮಾತು, "ನೋಡಮ". ಊರಿನವರು ನೋಡಮ ಎಂದರೆ ನೋಡೋಣ ಎಂದು, ಅವರು ನೋಡಮ ಎಂದರೆ ಸದ್ಯಕ್ಕೆ ನೋಡುವುದಿಲ್ಲ ಎಂದು ಅರ್ಥ.

ಕಂಪ್ಯೂಟರಿನ ಮೂಲೆಯಲ್ಲಿ ಆಗಾಗ ಒಂದು ಚೌಕ ಏಳುತ್ತಿತ್ತು. ಹೊಸ ಆವೃತ್ತಿ ಸಿದ್ಧವಾಗಿದೆ, ಈಗಲೇ ಹಾಕಲೋ, ಆಮೇಲೆ ನೆನಪಿಸಲೋ ಎಂದು ಕೇಳುತ್ತಿತ್ತು. ಇದೊಂದು ಗುಂಡಿಯ ವಿಷಯದಲ್ಲಿ ಮಾತ್ರ ಅವರ ಬೆರಳು ತಡಮಾಡುತ್ತಿರಲಿಲ್ಲ. 'ಆಮೇಲೆ ನೆನಪಿಸು' ಎಂಬುದನ್ನು ಅವರು ಒತ್ತುತ್ತಿದ್ದಷ್ಟು ಭಕ್ತಿಯಿಂದ ನಮ್ಮೂರಿನಲ್ಲಿ ಯಾರೂ ಮಂಗಳಾರತಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಅಷ್ಟಾದರೂ ನಂಬಿಕೆಯಿಲ್ಲದೆ, ಕೇಳದೆಯೇ ತಾನಾಗಿ ಹಾಕಿಕೊಂಡುಬಿಟ್ಟೀತೆಂದು ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತು ಗೋಡೆಯ ಮೊಳೆಗೆ ನೇತುಹಾಕಿದ್ದರು. ಪ್ರೆಸ್ಸಿಗೆ ಫೈಲು ಕಳಿಸುವಾಗ ಅದನ್ನು ಚುಚ್ಚುವುದು, ಕಳಿಸುವುದು, ಮತ್ತೆ ಕಿತ್ತು ಮೊಳೆಗೆ ಹಾಕುವುದು. ಹಸುವಿನ ಕರುವನ್ನು ಬಿಟ್ಟು ಕಟ್ಟಿದ ಹಾಗೆ.

ಅವರ ಭಯಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡುವವರು ಎಲ್ಲೋ ಹೊರದೇಶದವರು. ಅದರ ಮೇಲೆ ಕೂತು ಕನ್ನಡ ಮೂಡಿಸುವ ತಂತ್ರಾಂಶ ಮಾಡುವವರು ಇಲ್ಲಿಯವರು. ಇಬ್ಬರಿಗೂ ಮಾತುಕತೆಯಿದ್ದಂತಿರಲಿಲ್ಲ. ಅವರು ಹೊಸದನ್ನು ಬಿಟ್ಟರೆ ಇವರ ಕನ್ನಡ ಕುಂಟುತ್ತಿತ್ತು. ಇವರು ಅದಕ್ಕೆ ತಕ್ಕ ದೊಡ್ಡ ಅಪ್‌ಡೇಟು ತಯಾರು ಮಾಡುವಷ್ಟರಲ್ಲಿ ಅವರು ಇನ್ನೊಂದನ್ನು ಬಿಡುತ್ತಿದ್ದರು. ಅದೂ ಯಾವಾಗ, ದಸರಾ ಕಳೆದು ಕಾರ್ತೀಕದ ಲಗ್ನಗಳು ಶುರುವಾಗುವಾಗ. ಇವರ ಅಪ್‌ಡೇಟು ಬರುವುದು ವೈಶಾಖದಲ್ಲಿ, ಉಸಿರಾಡುವುದಕ್ಕೂ ಪುರುಸೊತ್ತಿಲ್ಲದಷ್ಟು ಮದುವೆಗಳಿರುವಾಗ.

"ಪಂಚಾಂಗ ನೋಡೋ ಒಬ್ಬ ಮನ್ಸ ಇಲ್ವಾ ಮೇಷ್ಟ್ರೇ ಆ ಕಂಪ್ನೀಲಿ? ಆಷಾಡದಲ್ಲಿ ಬುಟ್ರೆ ಅವ್ರಪ್ಪನ್ ಗಂಟೇನ್ ಓಯ್ತದೆ?" ಎಂದು ನನ್ನನ್ನು ಕೇಳುತ್ತಿದ್ದರು. ಆ ಕಂಪನಿಯ ವ್ಯವಹಾರವೆಲ್ಲ ಅರಕೆರೆಯ ಹೈಸ್ಕೂಲಿನಿಂದಲೇ ನಡೆಯುತ್ತಿದೆ ಎಂಬ ಹಾಗೆ ನಾನೂ ತಲೆ ತಗ್ಗಿಸುತ್ತಿದ್ದೆ.

ಕಂಪನಿಯವರಿಗೆ ಗೊತ್ತಿಲ್ಲದಿದ್ದರೂ ಯಜಮಾನರಿಗೆ ಗೊತ್ತಿತ್ತಲ್ಲ. ಅವರ ಅಂಗಡಿಯಲ್ಲಿ ಏನು ಹೊಸದು ಬರಬೇಕಾದರೂ ಆಷಾಢದಲ್ಲೇ ಬರಬೇಕು. ಅದರಲ್ಲೂ ಎರಡು ಒಟ್ಟಿಗೆ ಬರಬಾರದು. ಮೈಸೂರಿನಿಂದ ಕನ್ನಡ ತಂತ್ರಾಂಶ ಮಾರುವ ಒಬ್ಬ ಹುಡುಗ ಟೈ ಕಟ್ಟಿಕೊಂಡು ಬಂದು, "ಸಾರ್, ಎರಡನ್ನೂ ಒಂದೇ ದಿನ ಹಾಕಿಬಿಡಿ, ಕೆಲಸ ಮುಗಿಯುತ್ತೆ" ಎಂದ. ಯಜಮಾನರು ಕನ್ನಡಕವನ್ನು ಹಣೆಯ ಮೇಲೆ ಇನ್ನೂ ಸ್ವಲ್ಪ ಏರಿಸಿ ಅವನನ್ನು ನೋಡಿದರು.

"ಮದ್ವೆ ಆಗದಾ ನಿಂಗೆ?"

"ಇಲ್ಲ ಸಾರ್."

"ಆದ್ಮೇಲೆ ಬಾ. ಆಷಾಡದಲ್ಲಿ ಅತ್ತೆ ಸೊಸೆ ಒಂದೇ ಒಸ್ಲು ದಾಟ್ಬಾರ್ದು ಅಂತಾರಲ್ಲ, ಅದು ಯಾಕೆ ಅಂತ ನಿಂಗೇ ಗೊತ್ತಾಯ್ತದೆ."

ಆ ಹುಡುಗ ಬಂದ ದಾರಿ ಹಿಡಿದ. ನನಗೆ ಮಾತ್ರ ಪೂರ್ತಿ ಸಿದ್ಧಾಂತ ಕೇಳಿಸಿಕೊಳ್ಳುವ ಯೋಗ. ಆಪರೇಟಿಂಗ್ ಸಿಸ್ಟಮ್ಮು ಅತ್ತೆ, ಮನೆಯ ಬೀಗದ ಕೈ ಅವಳ ಸೊಂಟದಲ್ಲಿ. ಕನ್ನಡ ತಂತ್ರಾಂಶ ಸೊಸೆ, ಅಡುಗೆಯೆಲ್ಲ ಅವಳದ್ದು. ಒಂದು ಆಷಾಢದಲ್ಲಿ ಹೊಸ ಅತ್ತೆ ಬರಲಿ. ಹಳೆಯ ಸೊಸೆ ಅವಳಿಗೆ ಒಗ್ಗಿಕೊಳ್ಳಲಿ. ಮುಂದಿನ ಆಷಾಢಕ್ಕೆ ಹೊಸ ಸೊಸೆ. ಎರಡೂ ಹೊಸದಾದರೆ ಯಾರು ಯಾರನ್ನು ಕೆಡಿಸಿದರೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಈ ಲೆಕ್ಕದಲ್ಲಿ ನಮ್ಮ ಅಂಗಡಿ ಎಂದೂ ವರ್ತಮಾನಕಾಲಕ್ಕೆ ಬಂದೇ ಇರಲಿಲ್ಲ. ಊರಿನ ಮಕ್ಕಳ ಕೈಯಲ್ಲಿದ್ದ ಮೊಬೈಲುಗಳೇ ನಮ್ಮ ಕಂಪ್ಯೂಟರಿಗೆ ಮೊಮ್ಮಕ್ಕಳಾಗುವಂತಿದ್ದವು. ಆದರೆ ಆ ಅಂಗಡಿಯಿಂದ ಒಂದು ಲಗ್ನಪತ್ರಿಕೆಯೂ ಕೆಟ್ಟು ಹೋಗಲಿಲ್ಲ, ಇದನ್ನು ಹೇಳಲು ನನಗೆ ಇಷ್ಟವಿಲ್ಲದಿದ್ದರೂ ಹೇಳಬೇಕು.

ಅವರ ಮನೆ, ಗದ್ದೆ ಎರಡೂ ಕಿರಂಗೂರಿನಲ್ಲಿದ್ದವು. ನಾಲೆಗೆ ನೀರು ಬಿಟ್ಟ ದಿನ ಊರಿನವರೆಲ್ಲ ಗುದ್ದಲಿ ಹಿಡಿದು ಗದ್ದೆಗೆ ನೀರು ಕಟ್ಟಲು ಓಡಿದರೆ, ಇವರು ತಮ್ಮ ಗದ್ದೆಯ ತೂಬಿನ ಬಾಯಿಗೆ ಮಣ್ಣು ಮೆತ್ತಿ ಬದುವಿನ ಮೇಲೆ ಕೂತುಬಿಡುತ್ತಿದ್ದರು. ಬೇಸಿಗೆಯೆಲ್ಲ ನಾಲೆಗೆ ಬಿದ್ದ ಚಪ್ಪಲಿ, ಬಾಟಲಿ, ಮುಳ್ಳು, ಸತ್ತ ನಾಯಿ, ಎಲ್ಲವನ್ನೂ ಮೊದಲ ನೀರು ಹೊತ್ತು ತರುತ್ತದಂತೆ.

"ಮೊದ್ಲುನೀರು ಮುಂದ್ಲವನ್ ಗದ್ದೆಗೋಗ್ಲಿ ಮೇಷ್ಟ್ರೇ. ನಮ್ಗೆ ತಿಳಿನೀರು ಸಾಕು" ಎನ್ನುತ್ತಿದ್ದರು.

ಕಂಪ್ಯೂಟರಿನ ವಿಷಯದಲ್ಲಿ ಆ ಮುಂದಿನ ಗದ್ದೆಯವನು ಕೆ.ಆರ್. ಪೇಟೆಯಲ್ಲಿದ್ದ. ಅವರ ಬಾಮೈದ, ಹೆಂಡತಿಯ ತಮ್ಮ. ಅವನದೂ ಇಂಥದ್ದೇ ಅಂಗಡಿ. ಯಜಮಾನರು ಮನುಷ್ಯರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದುದರಿಂದ ಅವನ ಹೆಸರು ಪೇಟೆ. ಪಾಂಡವಪುರದಲ್ಲಿ ಅಂಗಡಿಯಿಟ್ಟವರು ಪಾಂಡವಪುರ. ನಾಗಮಂಗಲದಲ್ಲಿ ಗಂಡ ಸತ್ತ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಹೆಣ್ಣುಮಗಳು ನಾಗಮಂಗಲದವ್ವ. ಇವರೆಲ್ಲ ಒಬ್ಬರನ್ನೊಬ್ಬರು ಕಂಡವರಲ್ಲ. ಎಲ್ಲರ ಫೋನೂ ಬರುವುದು ಯಜಮಾನರಿಗೆ. ಏನು ಹಾಕಬೇಕು, ಯಾವಾಗ ಹಾಕಬೇಕು ಎಂದು ಅವರು ಹೇಳುವ ತನಕ ನಾಲ್ಕು ಊರಿನಲ್ಲಿ ಯಾರೂ ಹೊಸದನ್ನು ಮುಟ್ಟುತ್ತಿರಲಿಲ್ಲ, ಪೇಟೆಯೊಬ್ಬನನ್ನು ಬಿಟ್ಟು.

ಪೇಟೆಗೆ ತಾಳ್ಮೆಯೆಂಬುದು ಹುಟ್ಟಿದಾಗಿನಿಂದ ಇಲ್ಲ. ಹೊಸದು ಬಂದ ದಿನವೇ ಹಾಕಿ ಬಾವನಿಗೆ ಫೋನು ಮಾಡುತ್ತಿದ್ದ. ಯಜಮಾನರು ಫೋನನ್ನು ಮೇಜಿನ ಮೇಲಿಟ್ಟು ನನಗೂ ಕೇಳಿಸುತ್ತಿದ್ದರು.

"ಬಾವ, ಒಸಾದು ಆಕ್ಬುಟ್ಟೆ."

"ಅಂಗಾ. ಎಂಗದೆ?"

"ಬಾಳ ಚೆನ್ನಾಗದೆ ಬಾವ. ಪ್ರಿಂಟ್ರೊಂದು ಕಾಣಿಸ್ತಿಲ್ಲ."

"ಅಂಗಾ."

"ಕನ್ನಡದಲ್ಲಿ ಒತ್ತು ಒಂದೂ ಬತ್ತಿಲ್ಲ."

"ಅಂಗಾ. ಇನ್ನೇನ್ಲಾ?"

"ಇನ್ನೇನಿಲ್ಲ. ಈಗ ಕಂಪ್ಯೂಟ್ರು ಆನೇ ಆಯ್ತಿಲ್ಲ."

ಫೋನಿಟ್ಟ ಮೇಲೆ ಯಜಮಾನರ ಮುಖದಲ್ಲಿ ಬೀಗರೂಟ ಉಂಡು ಎದ್ದವನ ತೃಪ್ತಿ ಇರುತ್ತಿತ್ತು. "ಒಂದೊರ್ಸ ಮುಟ್ಟಂಗಿಲ್ಲ ಮೇಷ್ಟ್ರೇ" ಎಂದು ತೀರ್ಪು ಕೊಟ್ಟು ಪಾಂಡವಪುರಕ್ಕೂ ನಾಗಮಂಗಲಕ್ಕೂ ಸುದ್ದಿ ಮುಟ್ಟಿಸುತ್ತಿದ್ದರು. ಒಂದು ಸಲವಂತೂ ಪೇಟೆಯ ಅಂಗಡಿಯ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿನ ಒತ್ತುಗಳೆಲ್ಲ ಕೆಳಗೆ ಜಾರಿ ಅವಳ ಮಾವನ ಹೆಸರಿಗೆ ಅಂಟಿಕೊಂಡವು. ಬೀಗರಿಬ್ಬರೂ ಅಂಗಡಿಗೆ ಬಂದು ಅವನ ಕುತ್ತಿಗೆಪಟ್ಟಿ ಹಿಡಿದರು. ಅಂಥ ಪ್ರತಿ ಅನಾಹುತದ ನಂತರದ ಭಾನುವಾರ ಯಜಮಾನರು ಕೆ.ಆರ್. ಪೇಟೆಯ ಬಸ್ಸು ಹತ್ತಿ ಹೋಗಿ, ಇಡೀ ದಿನ ಕೂತು ಬಾಮೈದನ ಕಂಪ್ಯೂಟರನ್ನು ಹಳೆಯ ಸ್ಥಿತಿಗೆ ತಂದು ಬರುತ್ತಿದ್ದರು. ಪೇಟೆಯಲ್ಲಿ ಕೋಳಿಸಾರು ಚೆನ್ನಾಗಿ ಮಾಡುತ್ತಾರೆ, ಅದಕ್ಕೇ ಹೋಗಿದ್ದೆ, ಎಂಬುದು ನನಗೆ ಕೊಟ್ಟ ಕಾರಣ.

ಅವರ ಕಂಪ್ಯೂಟರಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಕಾರ್ಡುಗಳಿದ್ದವು. ಒಂದನ್ನೂ ಅಳಿಸಿದವರಲ್ಲ. ಅಪ್ಪನ ಮದುವೆಯ ಕಾರ್ಡು ಮಾಡಿದವರೇ ಮಗನ ಮದುವೆಯ ಕಾರ್ಡನ್ನೂ ಮಾಡುವಾಗ, ಹಳೆಯದನ್ನು ತೆರೆದು ತೋರಿಸಿ, "ನಿಮ್ಮಪ್ಪ ಇದೇ ಬಳ್ಳಿ ಡಿಸೈನ್ ಬೇಕು ಅಂತ ಅಟ ಮಾಡಿದ್ದ ಕಣ್ಲಾ" ಎಂದು ಜಂಬ ಕೊಚ್ಚುವುದು. ಇದಕ್ಕೆ ನಾನು ಟೀ ಕುಡಿಯುತ್ತ ಎಷ್ಟು ಸಲ ಆಕಳಿಸಿದ್ದೇನೋ. ಗಂಜಾಮಿನಿಂದ ಒಬ್ಬ ಹೆಂಗಸು ವರ್ಷಕ್ಕೊಮ್ಮೆ ಬರುತ್ತಿದ್ದರು. ಹರೆಯದಲ್ಲೇ ಹೋದ ಮಗನ ಪುಣ್ಯತಿಥಿಯ ಕಾರ್ಡಿಗೆ. "ಓದ್ಸಲದಂಗೇ ಮಾಡ್ಬುಡಪ್ಪ" ಎಂದಷ್ಟೇ ಹೇಳಿ ಬಾಗಿಲಲ್ಲಿ ನಿಲ್ಲುವರು. ಯಜಮಾನರು ಹಳೆಯ ಫೈಲು ತೆಗೆದು ದಿನಾಂಕವನ್ನಷ್ಟೇ ಬದಲಿಸುವರು. ಮಗನ ಫೋಟೋವನ್ನು ಆ ತಾಯಿ ಮತ್ತೆ ಗೋಡೆಯಿಂದ ಇಳಿಸಿ ತರಬೇಕಾಗಿರಲಿಲ್ಲ. ಆಗ ಮಾತ್ರ ನಾನು ಆಕಳಿಸುತ್ತಿರಲಿಲ್ಲ.

ಈ ಹಳೆಯ ಕಾರ್ಡುಗಳೆಲ್ಲ ಹಳೆಯ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತಿದ್ದವು. ಆ ತಂತ್ರಾಂಶಕ್ಕೊಂದು ಕೀಲಿ, ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಬೆರಳುದ್ದದ ಕಡ್ಡಿ. ಅಂಗಡಿಗೊಂದೇ ಕೀಲಿ. ಅದನ್ನು ಹೊಸ ಆವೃತ್ತಿಗೆ ಬದಲಿಸಿಕೊಂಡರೆ ಹಳೆಯದು ಮತ್ತೆ ತೆರೆಯದು. ಪೇಟೆಯ ಅಪ್‌ಡೇಟುಗಳಂತೆ ಹಿಂದಕ್ಕೆ ಬರುವ ದಾರಿ ಇದಕ್ಕಿಲ್ಲ. ಹೊಸದರಲ್ಲಿ ಹಳೆಯ ಕಾರ್ಡು ತೆರೆದರೆ ಕಾಣುವುದು ಕೋಳಿ ಕೆದರಿದ ಹಾಗೆ ಗೀಚು. ಅದಕ್ಕೇ ಹೊಸ ಸೊಸೆಯನ್ನು ತರುವ ಆಷಾಢವನ್ನು ಅವರು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಬಂದಿದ್ದರು.

ಹೀಗಿರುವಾಗ ಒಂದು ವೈಶಾಖದಲ್ಲಿ ನಾಗಮಂಗಲದವ್ವ ಅಂಗಡಿಗೇ ಬಂದುಬಿಟ್ಟರು. ಫೋನಿನಲ್ಲಿ ಮಾತ್ರ ಕೇಳಿದ್ದ ದನಿ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಆದರೆ ಬಂದವರು ಬೆಂಚಿನ ಮೇಲೆ ಕೂರಲೂ ಇಲ್ಲ. ಕರೆಂಟು ಏರುಪೇರಾಗಿ ಅವರ ಕಂಪ್ಯೂಟರು ಸುಟ್ಟುಹೋಗಿತ್ತು. ಹೊಸದು ಕೊಂಡರೆ ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ಮೇ ಇತ್ತು, ಹಳೆಯ ಕನ್ನಡ ಅದರ ಮೇಲೆ ಕೂರುತ್ತಿರಲಿಲ್ಲ. ಕನ್ನಡದ ಹೊಸ ಆವೃತ್ತಿ ಆ ವಾರವಷ್ಟೇ ಬಿಡುಗಡೆಯಾಗಿತ್ತು. ಅದನ್ನು ಇನ್ನೂ ಯಾರೂ ಹಾಕಿ ನೋಡಿರಲಿಲ್ಲ.

"ಕೀಲಿ ಬದಲಾಯ್ಸುದ್ಮೇಲೆ ಅದು ಕೈ ಕೊಟ್ರೆ ನಂಗೆ ಅಳೇದೂ ಇಲ್ಲ, ಒಸಾದೂ ಇಲ್ಲ ಅಣ್ಣ. ಇನ್ನೊಂದು ಕೀಲಿ ತಗಳೋ ಶಕ್ತಿ ನಂಗಿಲ್ಲ. ಒಪ್ಕಂಡಿರೋ ಲಗ್ನದ ಕಾರ್ಡೆಲ್ಲ ಅಂಗೇ ನಿಂತವೆ. ಏನ್ ಮಾಡ್ಲಿ, ಯೋಳಿ."

"ಕಾರ್ಡೆಲ್ಲ ಇಲ್ಲಿಗ್ ತತ್ತಾ ಕಣವ್ವ. ನಾನ್ ಮಾಡ್ಕೊಡ್ತೀನಿ."

"ಬ್ಯಾಡ ಅಣ್ಣ. ಒಂದು ಸೀಜನ್ನು ನಿಮ್ಮತ್ರ ಮಾಡ್ಸುದ್ರೆ ಜನ ಮುಂದ್ಲೊರ್ಸ ನೆಟ್ಗೆ ಇಲ್ಲಿಗೇ ಬತ್ತರೆ. ನಂದು ಅಂಗ್ಡಿ ಅಂತ ಉಳಿಯಾಕಿಲ್ಲ. ಆ ಅಂಗ್ಡೀಲೇ ಮಕ್ಳು ಓದ್ತಾ ಇರೋದು."

ಇದಕ್ಕೆ ನಮ್ಮ ವೀರರು ಕೊಟ್ಟ ಉತ್ತರ, "ಆಷಾಡ ಬರ್ಲಿ, ನೋಡಮ" ಎಂದು.

ನನಗೆ ಮೈ ಉರಿದುಹೋಯಿತು. ಆಷಾಢದ ಹೊತ್ತಿಗೆ ಆಕೆಯ ಅಂಗಡಿಯ ಬಾಗಿಲು ಮುಚ್ಚಿರುತ್ತದೆ ಎಂದೆ. ಯಜಮಾನರು ನನ್ನ ಕಡೆ ನೋಡಲಿಲ್ಲ. ಫೋನು ತೆಗೆದುಕೊಂಡು ಸಂದಿಗೆ ಹೋಗಿ ಪೇಟೆಯ ಜೊತೆ ಮಾತಾಡಿದರು. ಆ ಸಲ ಮಾತ್ರ ನನಗೆ ಕೇಳಿಸಲಿಲ್ಲ. ಒಳಗೆ ಬಂದವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, "ನಾಡಿದ್ದು ಯೋಳ್ತೀನಿ, ಓಗವ್ವ" ಎಂದರು. ಆಕೆ ಟೀ ಕುಡಿಯದೆ ಹೊರಟುಹೋದರು. ನಾನೂ ನನ್ನ ಅರ್ಧ ಟೀ ಬಿಟ್ಟು ಎದ್ದೆ.

ಮರುದಿನ ಅಂಗಡಿಯ ಶಟರು ಎಳೆದಿತ್ತು. ವೈಶಾಖದಲ್ಲಿ ಆ ಶಟರು ಮುಚ್ಚಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಗದ್ದೆಗೆ ಹೋಗಿದ್ದಾರೆಂದು ಪಕ್ಕದ ಹೋಟೆಲಿನವರು ಹೇಳಿದರು. ಅದರ ಮಾರನೆಯ ದಿನ ನಾನು ಹೋದಾಗ ಯಜಮಾನರು ಫೋನಿನಲ್ಲಿ ನಾಗಮಂಗಲದವ್ವನಿಗೆ ಪಾಠ ಹೇಳುತ್ತಿದ್ದರು.

"ಪೇಟೆಯವ್ನು ಮೊದ್ಲೇ ಆಕವ್ನಂತೆ ಕಣವ್ವ. ಏನೂ ಆಗಿಲ್ವಂತೆ. ನೀನೂ ಆಕ್ಬುಡು. ಮೊದ್ಲು ಆ ಅಪ್‌ಡೇಟು ಪೂರ್ತಿ ಮುಗೀಲಿ, ಆಮೇಲೆ ಕೀಲಿ ಚುಚ್ಚು. ಮೊದ್ಲೇ ಚುಚ್ಚಿದ್ರೆ ಕೆಟ್ಟೋಯ್ತದೆ, ಗ್ಯಾಪ್ಕ ಇಟ್ಗ."

ಒಂದೊಂದು ಹೆಜ್ಜೆಯನ್ನೂ ಎರಡೆರಡು ಸಲ ಹೇಳಿದರು. ಆಕೆಯ ಅಂಗಡಿ ಉಳಿಯಿತು. ಫೋನಿಟ್ಟ ಮೇಲೆ, ಇದೆಲ್ಲ ಮಾಮೂಲು ಎಂಬ ದನಿಯಲ್ಲಿ ನನಗೊಂದು ಸುದ್ದಿ ಹೇಳಿದರು. ಅವರ ಕಂಪ್ಯೂಟರಿನ ಒಳಗೆ ಇಲಿ ಹೋಗಿ ತಂತಿ ಕಡಿದು ಡಿಸ್ಕು ಹಾಳಾಗಿತ್ತು. ಹಳೆಯ ಕಾರ್ಡುಗಳು ಒಂದೂ ಇಲ್ಲ. ಹೊಸ ಡಿಸ್ಕು ಹಾಕಿಸಬೇಕಾಯಿತು, ಹೇಗೂ ಪೇಟೆ ಪರೀಕ್ಷೆ ಮಾಡಿದ್ದಾನಲ್ಲ ಎಂದು ಎಲ್ಲ ಹೊಸದನ್ನೇ ಹಾಕಿಸಿದೆ, ಎಂದರು.

ನನಗೆ ಸಿಕ್ಕಿದ ಹಬ್ಬ ಅದು. ಇಡೀ ಜಗತ್ತಿನ ಅಪ್‌ಡೇಟುಗಳಿಗೆ ಹೆದರಿ ತಂತಿಯನ್ನು ಮೊಳೆಗೆ ನೇತುಹಾಕಿದ ಮನುಷ್ಯನನ್ನು ಒಂದು ಇಲಿ ಮುಗಿಸಿತೆಂದು ಬಸ್‌ಸ್ಟಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಬಾಮೈದನ ಎದೆಗಾರಿಕೆಯನ್ನು 'ನೋಡಿ ಕಲಿಯಿರಿ' ಎಂದು ಅವರ ಎದುರಿಗೇ ಹೊಗಳಿದೆ. "ಊಂ, ಅವ್ನಿಗೆ ಗುಂಡಿಗೆ ಅದೆ ಬುಡಿ" ಎಂದು ಒಪ್ಪಿಕೊಂಡರು. ಗಿರಾಕಿಗಳು ಹಳೆಯ ಕಾರ್ಡಿನಂತೆಯೇ ಬೇಕೆಂದು ಬಂದಾಗ ಇಲಿಯ ಕಥೆ ಹೇಳಿ ಬೈಸಿಕೊಂಡು, ಅವರ ಮನೆಯಲ್ಲಿ ಉಳಿದಿದ್ದ ಕಾರ್ಡನ್ನು ತರಿಸಿ ಅಕ್ಷರ ಅಕ್ಷರವನ್ನೂ ಮತ್ತೆ ಕೂರಿಸುತ್ತಿದ್ದರು. ಗಂಜಾಮಿನ ಹೆಂಗಸು ಬರುವ ದಿನ ಹತ್ತಿರವಾದಾಗ ಮಾತ್ರ ಅವರು ಬರುವವರೆಗೆ ಕಾಯಲಿಲ್ಲ. ತಾವೇ ಆ ಮನೆಗೆ ಹೋಗಿ, ಕೇಳಿಕೊಂಡು, ಗೋಡೆಯ ಮೇಲಿನ ಫೋಟೋವನ್ನು ತಾವೇ ಇಳಿಸಿ ತಂದು, ಮತ್ತೆ ತಾವೇ ಹೋಗಿ ಮೊಳೆಗೆ ಹಾಕಿ ಬಂದರು.

ಇದಾಗಿ ಮೂರ್ನಾಲ್ಕು ವರ್ಷ. ಯಜಮಾನರು ಮತ್ತೆ 'ಆಮೇಲೆ ನೆನಪಿಸು' ಒತ್ತುವ ಹಳೆಯ ದಾರಿಗೇ ಮರಳಿದ್ದರು. ಹೋದ ಆಷಾಢದಲ್ಲಿ ಅವರ ತಿಥಿಯ ಕಾರ್ಡನ್ನು ಪೇಟೆಯೇ ಮಾಡಿದ. ತಪ್ಪು ತಿದ್ದಿದ್ದು ನಾನು. ಅವರ ಹೆಸರು ದಪ್ಪಕ್ಷರದಲ್ಲಿ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಿರಂಗೂರಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಊಟದ ಸಾಲಿನಲ್ಲಿ ನಾನು, ಪೇಟೆ, ಪಾಂಡವಪುರದವರು, ನಾಗಮಂಗಲದವ್ವ ಒಂದೇ ಕಡೆ ಕೂತೆವು. ಯಜಮಾನರ ಫೋನಿನಲ್ಲಿ ಮಾತ್ರ ಒಂದಾಗಿದ್ದ ಮೂವರೂ ಒಟ್ಟಿಗೆ ಸೇರಿದ್ದು ಅದೇ ಮೊದಲು. ಯಾರು ಯಾರೆಂದು ನಾನೇ ಪರಿಚಯ ಮಾಡಿಸಿದೆ. ನಾಗಮಂಗಲದವ್ವ ಎಲೆಯ ಮುಂದಿನಿಂದಲೇ ಪೇಟೆಗೆ ಕೈ ಮುಗಿದರು.

"ನೀವು ಅವತ್ತು ಗುಂಡಿಗೆ ಮಾಡಿ ಮೊದ್ಲು ಆಕ್ದೆ ಓಗಿದ್ರೆ ನನ್ ಅಂಗ್ಡಿ ಇವತ್ತು ಇರ್ತಿರ್ಲಿಲ್ಲ ಕಣಣ್ಣ. ಒಂದ್ಸಲ ಕಂಡು ಯೋಳ್ಬೇಕು ಅಂತಿದ್ದೆ."

ಪೇಟೆ ತುತ್ತನ್ನು ಹಾಗೇ ಹಿಡಿದುಕೊಂಡ. "ನಾನಾ? ಆ ಸಲ ನಾನೆಲ್ಲಮ್ಮ ಆಕ್ದೆ? ಬೀಗರು ಕುತ್ತಿಗೆಪಟ್ಟಿ ಇಡ್ದಿದ್ರಲ್ಲ, ನನ್ ಎಂಡ್ತಿ ಮಕ್ಕಳ್ ಮೇಲೆ ಆಣೆ ಆಕ್ಸಿದ್ಲು. ಬಾವ ಫೋನ್ ಮಾಡುದ್ರೂ ಆಗಾಕಿಲ್ಲ ಅಂದೆ. ಎಲ್ಡು ದಿನ ಬುಟ್ಟು ಬಾವನೇ ಯೋಳುದ್ರು, ನಾಗಮಂಗಲದವ್ವ ಆಕವ್ಳೆ, ಏನೂ ಆಗಿಲ್ಲ, ನೀನೂ ಆಕ್ಕ ಅಂತ."

"ನಂಗೆ ಪೇಟೆ ಅಂತ ಯೋಳುದ್ರಲ್ಲ" ಎಂದರು ಪಾಂಡವಪುರದವರು.

ಮೂವರೂ ನನ್ನ ಮುಖ ನೋಡಿದರು, ಮೇಷ್ಟ್ರು ಉತ್ತರ ಹೇಳುತ್ತಾರೆಂಬಂತೆ. ಉತ್ತರ ಹೇಳಿದ್ದು ಪಾಯಸ ಬಡಿಸುತ್ತಿದ್ದ ಯಜಮಾನರ ಹೆಂಡತಿ.

"ಅವತ್ತು ಗದ್ದೆಗೆಲ್ಲಿ ಬಂದಿದ್ರು? ಶಟ್ರು ಎಳ್ಕಂಡು ಅಂಗ್ಡಿ ಒಳ್ಗೇ ಕೂತಿದ್ರು. ನಾನೇ ಬುತ್ತಿ ತಗಂಡೋಗಿದ್ದೆ. ಮೊದ್ಲು ಒಂದ್ಸಲ ಕೆಟ್ಟೋಯ್ತಂತೆ, ಎಲ್ಲ ತೆಗ್ದು ಮತ್ತೆ ಆಕುದ್ರಂತೆ. ನನ್ ಕಾರ್ಡೆಲ್ಲ ಓಯ್ತು ಕಣೆ ಅಂತ ಸುಮ್ನೆ ಕೂತಿದ್ರು. ಇಲಿಗಿಲಿ ಏನೂ ಇರ್ಲಿಲ್ಲ. ಯಾರ್ಗೂ ಯೋಳ್ಬ್ಯಾಡ, ಗೊತ್ತಾದ್ರೆ ಆ ಎಣ್ಮಗ್ಳು ಕಾಲಿಗ್ ಬೀಳ್ತಾಳೆ ಅಂದ್ರು."

ವೈಶಾಖದ ನಟ್ಟನಡುವೆ. ಅತ್ತೆಯನ್ನೂ ಸೊಸೆಯನ್ನೂ ಒಂದೇ ದಿನ ಹೊಸ್ತಿಲು ದಾಟಿಸಿ. ಮೊದಲ ನೀರನ್ನು ತಮ್ಮ ಗದ್ದೆಗೇ ತಿರುಗಿಸಿಕೊಂಡು. ಇರುವ ಒಂದೇ ಕೀಲಿಯನ್ನು ಬದಲಿಸಿ, ಎಲ್ಲಿ ಕೆಡುತ್ತದೆಂದು ತಾವು ಕೆಡಿಸಿಕೊಂಡು ಕಂಡುಹಿಡಿದು, ಆಮೇಲೆ ಆಕೆಗೆ 'ಮೊದ್ಲೇ ಚುಚ್ಚಬೇಡ' ಎಂದು ಹೇಳಿದ್ದಾರೆ. ಆ ಎದೆಗಾರಿಕೆಯ ಹೆಸರನ್ನು ಬಾಮೈದನಿಗೆ ಕೊಟ್ಟು, ಇಲಿಯ ಹೆಸರಿನಲ್ಲಿ ಊರವರಿಂದ ಬೈಸಿಕೊಂಡಿದ್ದಾರೆ. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ. ಬೆಂಚಿನ ಮೇಲೆ ಅಷ್ಟು ವರ್ಷ ಕೂತವನಿಗೆ ಒಂದು ಮಾತು ಹೇಳಬಾರದಿತ್ತೇ. ಪಾಯಸವನ್ನು ಎಲೆಯಲ್ಲೇ ಬಿಟ್ಟೆ. ಆ ಮನುಷ್ಯ ಇಲ್ಲವಲ್ಲ ಎಂದು ಅವತ್ತೇ ನನಗೆ ನಿಜವಾಗಿ ಅನ್ನಿಸಿದ್ದು.

ನಾಗಮಂಗಲದವ್ವ ಯಜಮಾನರ ಹೆಂಡತಿಯ ಕಡೆ ತಿರುಗಿ, "ವರ್ಷಾವರ್ಷ ಅಣ್ಣನ್ ಕಾರ್ಡು ನಾನೇ ಮಾಡ್ಕೊಡ್ತೀನಿ ಅಕ್ಕ" ಎಂದರು.

ಕೈ ತೊಳೆದು ಬಂದ ಮೇಲೆ ಎಲೆಅಡಿಕೆಯ ತಟ್ಟೆಯ ಸುತ್ತ ಕೂತಾಗ ಪೇಟೆ ಮೆಲ್ಲಗೆ ಮಾತು ತೆಗೆದ. ಈಗ ಮತ್ತೊಂದು ಆಪರೇಟಿಂಗ್ ಸಿಸ್ಟಮ್ಮು ಬಂದಿತ್ತು. ಕನ್ನಡದ್ದೂ ದೊಡ್ಡ ಅಪ್‌ಡೇಟು ಬರುವುದರಲ್ಲಿತ್ತು. "ಯಾರು ಮೊದ್ಲು ಆಕದು?" ಎಂದು ಕೇಳಿ ಅವನೇ ತಲೆ ತಗ್ಗಿಸಿದ. ಪಾಂಡವಪುರದವರು ಅಡಿಕೆ ಆರಿಸತೊಡಗಿದರು.

ನಾಗಮಂಗಲದವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.

"ನಾನೇ ಆಕ್ತೀನಿ ಬುಡಿ. ಏನಾರ ಆದ್ರೆ ಇಲಿ ತಿಂತು ಅಂತೀನಿ."